ದೂರದ ದೇವಾಲಯವನ್ನು ನೋಡಹೋಗುವವನ ಕರ್ತವ್ಯವೇನು?

ಮನುಷ್ಯನು ದೂರದೇಶಕ್ಕೆ ಪ್ರಯಾಣಮಾಡಬೇಕೆಂದು ಮನಸ್ಸುಮಾಡಿದಾಗ ಮೂರು ಸಂಗತಿಗಳನ್ನು ಲೆಕ್ಕಹಾಕುತ್ತಾನೆ. ಕೈಯಲ್ಲಿರುವ ಹಣವೆಷ್ಟು, ದೊರೆಯುವ ದಿನಗಳೆಷ್ಟು, ಹೋಗುವ ದಾರಿ ಯಾವದು ಎಂಬಿವೇ ಆ ಮೂರು. ನಾಲ್ಕನೆಯದೊಂದುಂಟು, ಅದನ್ನು ಲೆಕ್ಕಕ್ಕೆ ಹಿಡಿಯುವವರು ಸ್ವಲ್ಪ ಜನರೇ. ತಾನು ನೋಡಹೋಗುವ ಸ್ಥಳದಲ್ಲಿ ವಾಸಮಾಡುವವರು ತನ್ನನ್ನು ಒಳಗೆ ಬರಗೊಡುವದಕ್ಕೆ ಬದ್ಧರೋ, ಅಲ್ಲವೋ? ಬೆಟ್ಟವನ್ನೂ ಹೊಳೆಯನ್ನೂ ನೋಡಹೋಗುವವನಿಗೆ ಈ ಪ್ರಶ್ನೆ ಅಷ್ಟು ಭಾರವಾಗಿ ತೋರದು. ಆದರೆ ಪುರಾತನ ದೇವಾಲಯಗಳನ್ನು ನೋಡಹೋಗುವವನು ಇದಕ್ಕೆ ತನ್ನೊಳಗೆ ಉತ್ತರ ಕಂಡುಕೊಳ್ಳದೆ ಹೊರಡಬಾರದು. ಯಾಕಂದರೆ ಅಲ್ಲಿ ಬಾಗಿಲುಂಟು, ಬಾಗಿಲಿಗೆ ಬೀಗವುಂಟು, ಬೀಗದ ಕೈ ಒಬ್ಬಾನೊಬ್ಬನ ಮನೆಯಲ್ಲಿರುತ್ತದೆ.

ಈ ಪ್ರಶ್ನೆಯನ್ನು ಬರಿಯ ಮಾತಿನಲ್ಲಿ ವಿಚಾರಿಸುವದಕ್ಕಿಂತ ನಿಜವಾದ ಒಂದು ಸೀಮೆಯನ್ನು ಕಣ್ಣ ಮುಂದೆ ಇಟ್ಟುಕೊಂಡು ವಿಚಾರಿಸುವದು ಲೇಸು. ಕಪ್ಪು ಸಮುದ್ರದ ಪೂರ್ವಕ್ಕೆ ಜಾರ್ಜಿಯಾ ಎಂಬ ದೇಶವಿದೆ. ಅಲ್ಲಿಯ ರಾಜ್ಯವು ಕ್ರಿಸ್ತಶಕ 4ನೆಯ ಶತಮಾನದಲ್ಲಿಯೇ ಕ್ರೈಸ್ತಮತವನ್ನು ಅಂಗೀಕರಿಸಿತು. ಆ ದೇಶದ ವಾಯವ್ಯದಲ್ಲಿ, ಕಾಕಸಸ್ ಪರ್ವತಗಳ ದಕ್ಷಿಣದ ಮಗ್ಗುಲಲ್ಲಿ, ಎಂಗುರಿ ಎಂಬ ನದಿಯ ಮೇಲ್ಗಣಿವೆಗೆ ಮೇಲಿನ ಸ್ವಾನೇತಿ ಎಂದು ಹೆಸರು. ಸುತ್ತಲೂ 4,700 ಮೀಟರ್, 5,000 ಮೀಟರ್ ಎತ್ತರದ ಹಿಮಶಿಖರಗಳು ನಿಂತಿವೆ. ಸೀಮೆಯ ಮುಖ್ಯ ಊರಾದ ಮೆಸ್ತಿಯಾ ಸುಮಾರು 1,500 ಮೀಟರ್ ಎತ್ತರದಲ್ಲಿದೆ. ಕಣಿವೆಯ ಕೊನೆಯ ಹಳ್ಳಿಗಳ ಗುಂಪಾದ ಉಷ್ಗುಲಿ ಸುಮಾರು 2,100 ಮೀಟರ್ ಎತ್ತರದಲ್ಲಿದೆ. ಅಲ್ಲಿಯ ಜನರಿಗೆ ಸ್ವಾನರೆಂದು ಹೆಸರು. ಅವರ ಮಾತು ಜಾರ್ಜಿಯನ್ ಭಾಷೆಗೆ ಸಂಬಂಧವುಳ್ಳದ್ದಾದರೂ ಜಾರ್ಜಿಯಾದ ಬೇರೆ ಜನರಿಗೆ ಅದು ತಿಳಿಯದು.

ಈ ಸೀಮೆಯಲ್ಲಿ ನೋಡತಕ್ಕವುಗಳು ಎರಡು. ಒಂದನೆಯದು, ಮನೆಗಳಿಗೆ ಹೊಂದಿಕೊಂಡು ಎದ್ದಿರುವ ಕಲ್ಲಿನ ಗೋಪುರಗಳು. ಇವುಗಳಲ್ಲಿ ಬಹಳವು 9ನೆಯ ಶತಮಾನದಿಂದ 13ನೆಯ ಶತಮಾನದ ವರೆಗೆ ಕಟ್ಟಲ್ಪಟ್ಟವು. 20 ಮೀಟರಿಗೂ ಮಿಕ್ಕಿ ಎತ್ತರವಾದವುಗಳುಂಟು. ಶತ್ರುಗಳು ಬಂದಾಗಲೂ, ಕುಲಕುಲಗಳ ನಡುವೆ ರಕ್ತಕ್ಕೆ ರಕ್ತ ಕೇಳುವ ಹಗೆ ಹುಟ್ಟಿದಾಗಲೂ ಮನೆಯವರು ಇವುಗಳಲ್ಲಿ ಅಡಗಿಕೊಳ್ಳುತ್ತಿದ್ದರು. ಎರಡನೆಯದು, ದೇವಾಲಯಗಳು. ದೇವಾಲಯವೆಂದೊಡನೆ ದೊಡ್ಡ ಕಟ್ಟಡವನ್ನು ಭಾವಿಸಬೇಡಿರಿ. ಅವುಗಳಲ್ಲಿ ಹೆಚ್ಚಿನವು ಒಂದೇ ಅಂಕಣದ ಸಣ್ಣ ಕಲ್ಲುಮನೆಗಳು. ಹತ್ತಿಪ್ಪತ್ತು ಜನರು ನಿಂತರೆ ತುಂಬಿಹೋಗುವವು. ಒಳಗಿನ ಗೋಡೆಗಳ ಮೇಲೆ ಮಾತ್ರ ಮೇಲಿಂದ ಕೆಳಗಿನ ವರೆಗೆ ಚಿತ್ರಗಳು ಬರೆಯಲ್ಪಟ್ಟಿವೆ. ಅರಸನ ಚಿತ್ರಕಾರನೆನಿಸಿಕೊಂಡ ತೆವ್ದೊರೆ ಎಂಬವನು ಇಪ್ರಾರಿ ಎಂಬ ಹಳ್ಳಿಯ ದೇವಾಲಯವನ್ನು 1096ರಲ್ಲಿಯೂ ನಾಕಿಪಾರಿಯದನ್ನು 1130ರಲ್ಲಿಯೂ ಚಿತ್ರಿಸಿದನು. ಅಂದಿನ ಬಣ್ಣ ಇಂದಿಗೂ ಕಾಣುತ್ತದೆ. 897ರಲ್ಲಿ ಕೈಯಿಂದ ಬರೆಯಲ್ಪಟ್ಟ ಸುವಾರ್ತೆಗಳ ಪುಸ್ತಕವೊಂದು ಆದಿಶಿ ಎಂಬ ಹಳ್ಳಿಯಲ್ಲಿ ಬಹುಕಾಲ ಕಾಪಾಡಲ್ಪಟ್ಟಿತು. ಈಗ ಅದು ಮೆಸ್ತಿಯಾದ ವಸ್ತುಸಂಗ್ರಹಾಲಯದಲ್ಲಿದೆ. ಉಷ್ಗುಲಿಯ ಚಾಜಾಷಿ ಎಂಬ ಹಳ್ಳಿಯನ್ನು ಒಳಗೊಂಡ ಈ ಸೀಮೆಯನ್ನು ಯುನೆಸ್ಕೊ ಸಂಸ್ಥೆಯವರು 1996ರಲ್ಲಿ ಲೋಕದ ಪರಂಪರೆಯ ಸ್ಥಳಗಳ ಪಟ್ಟಿಯಲ್ಲಿ ಸೇರಿಸಿದರು.

ಇಷ್ಟು ದೂರದ ಸೀಮೆಯ ಮಾತು ಹಳ್ಳಿಯ ಸಭೆಯವರಾದ ನಮಗೇಕೆಂದು ಕೆಲವರು ಕೇಳಬಹುದು. ನಮ್ಮ ಮನೆಗಳ ಗಂಡುಮಕ್ಕಳೂ ಹೆಣ್ಣುಮಕ್ಕಳೂ ಅನೇಕರು ಗಲ್ಫ್ ದೇಶಗಳಲ್ಲಿ ಕೆಲಸಮಾಡುತ್ತಿದ್ದಾರೆ. ಅಲ್ಲಿಂದ ಜಾರ್ಜಿಯಾಕ್ಕೆ ವಿಮಾನದಲ್ಲಿ ಕೆಲವೇ ತಾಸುಗಳ ದಾರಿ. ಆದ್ದರಿಂದ ರಜೆಯ ದಿನಗಳಲ್ಲಿ ಅಲ್ಲಿಗೆ ಹೋಗುವವರು ಹೆಚ್ಚುತ್ತಿದ್ದಾರೆ. ತಂದೆತಾಯಿಗಳನ್ನೂ ಜೊತೆಗೆ ಕರೆದುಕೊಂಡು ಹೋಗುವವರುಂಟು. ಆದಕಾರಣ ಈ ಮಾತು ನಮಗೆ ಹೊರಗಿನದಲ್ಲ.

ಹೋಗತಕ್ಕವರು ಮೊದಲಿನ ಮೂರು ಲೆಕ್ಕಗಳನ್ನು ಹೀಗೆ ಮಾಡಬೇಕು. ದೇಶದೊಳಗೆ ಬರುವದಕ್ಕೆ ಬೇಕಾದ ಅನುಮತಿಪತ್ರದ ನಿಯಮಗಳು ಆಗಾಗ ಬದಲಾಗುವದರಿಂದ ಹೊರಡುವ ಮುಂಚೆ ವಿಚಾರಿಸಬೇಕು. ರಾಜಧಾನಿಯಾದ ಟ್ಬಿಲಿಸಿಯಿಂದ ಜುಗ್ದಿದಿ ಎಂಬ ಪಟ್ಟಣದ ವರೆಗೆ ರೈಲಿದೆ. ಅಲ್ಲಿಂದ ಮೆಸ್ತಿಯಾಕ್ಕೆ ಸಣ್ಣ ಮೋಟಾರುಗಳು ಬೆಟ್ಟದ ದಾರಿಯಲ್ಲಿ ಮೂರು ನಾಲ್ಕು ತಾಸು ಏರುತ್ತವೆ. 2010ರಲ್ಲಿ ಮೆಸ್ತಿಯಾದಲ್ಲಿ ಸಣ್ಣ ವಿಮಾನನಿಲ್ದಾಣವಾಯಿತು. ಆದರೆ ಮೋಡ ಕವಿದರೆ ವಿಮಾನ ಹಾರದು. ಮೆಸ್ತಿಯಾದಿಂದ ಉಷ್ಗುಲಿಗೆ ಸುಮಾರು 45 ಕಿಲೋಮೀಟರ್. ಮಳೆ ಬಂದರೆ ಮಣ್ಣು ಜಾರುವ ಸ್ಥಳಗಳುಂಟು. ಚಳಿಗಾಲದಲ್ಲಿ ಮೇಲಿನ ಹಳ್ಳಿಗಳು ತಿಂಗಳುಗಟ್ಟಲೆ ಹಿಮದೊಳಗೆ ಇರುವದರಿಂದ ಜೂನ್ ತಿಂಗಳಿನಿಂದ ಸೆಪ್ಟೆಂಬರಿನ ವರೆಗೆ ಹೋಗುವದು ಯೋಗ್ಯ. ಈ ಮೂರು ಲೆಕ್ಕಗಳನ್ನು ಬಲ್ಲವರಿಂದ ಕೇಳಿ ತಿಳಿಯಬಹುದು. ನಾಲ್ಕನೆಯದನ್ನು ಮನಸ್ಸಾಕ್ಷಿಯೇ ಹೇಳಬೇಕು.

ಆ ನಾಲ್ಕನೆಯದು ಹೇಗೆ ಎದುರಾಗುತ್ತದೆಂದು ನೋಡಿರಿ. ಈ ಹಳ್ಳಿಗಳ ದೇವಾಲಯಗಳು ದಿನವೆಲ್ಲ ತೆರೆದಿರುವದಿಲ್ಲ. ಬೀಗದ ಕೈ ಊರಿನ ಯಾವದಾದರೂ ಮನೆತನದಲ್ಲಿರುತ್ತದೆ. ಬಂದವರು ಆ ಮನೆಯನ್ನು ಹುಡುಕಿ ಕೇಳಿಕೊಳ್ಳಬೇಕು. ಪ್ರಯಾಣಕ್ಕೆ ಯೋಗ್ಯವಾದ ಕಾಲವೆಂದು ಈಗ ಹೇಳಿದ ಜುಲೈ ಮತ್ತು ಆಗಸ್ಟ್ ತಿಂಗಳುಗಳೇ ಹಳ್ಳಿಯವರಿಗೆ ಹುಲ್ಲು ಕೊಯ್ಯುವ ಕಾಲ. ಕಡಿದಾದ ಇಳಿಜಾರುಗಳಲ್ಲಿ ಉದ್ದ ಹಿಡಿಯ ಕುಡುಗೋಲಿನಿಂದ ಹುಲ್ಲು ಕೊಯ್ದು, ಬಿಸಿಲಲ್ಲಿ ಒಣಗಿಸಿ, ಮಳೆ ಬರುವ ಮುಂಚೆ ಮನೆಗೆ ಸೇರಿಸಬೇಕು. ಆ ಕೆಲವು ವಾರಗಳ ಹುಲ್ಲಿನಿಂದಲೇ ಚಳಿಗಾಲವೆಲ್ಲಾ ದನಗಳು ಬದುಕಬೇಕು. ಈಗ ಒಂದು ಕುಟುಂಬವು ಎರಡು ವರುಷ ಹಣ ಕೂಡಿಸಿ, ಮುದುಕಿಯಾದ ತಾಯಿಯನ್ನೂ ಕರಕೊಂಡು, ಇರುವ ಒಂದೇ ದಿನದಲ್ಲಿ ಇಪ್ರಾರಿಗೆ ಬಂದಿತೆಂದು ಎಣಿಸಿರಿ. ಬೀಗದ ಕೈಯುಳ್ಳವನು ಮೇಲಿನ ಹುಲ್ಲುಗಾವಲಿನಲ್ಲಿದ್ದಾನೆ. ಪಶ್ಚಿಮದಲ್ಲಿ ಮೋಡ ಕಾಣುತ್ತಿದೆ. ಕರೆದರೆ ಅವನ ಹುಲ್ಲು ನೆನೆಯುವದು. ಕರೆಯದಿದ್ದರೆ ಆ ಮುದುಕಿ ಇನ್ನೊಂದು ಸಾರಿ ಈ ಬಾಗಿಲಿಗೆ ಬರಲಾರಳು. ಬಾಗಿಲು ತೆರೆ ಎಂದು ಒತ್ತಾಯಿಸಲು ಅವರಿಗೆ ಹಕ್ಕುಂಟೋ?

ಹಕ್ಕುಂಟೆನ್ನುವವರು ಮುಖ್ಯವಾಗಿ ಮೂರು ಕಾರಣಗಳನ್ನು ಹೇಳುತ್ತಾರೆ. ಅವನ್ನು ಒಂದೊಂದಾಗಿ ವಿಚಾರಿಸೋಣ.

ಮೊದಲನೆಯ ಕಾರಣವೇನಂದರೆ, ಇಂಥ ಪುರಾತನ ದೇವಾಲಯಗಳು ಒಂದು ಹಳ್ಳಿಯ ಸೊತ್ತಲ್ಲ, ಲೋಕದ ಸಮಸ್ತರ ಸೊತ್ತು. ಕ್ರೈಸ್ತರಿಗಂತೂ ಪಿತ್ರಾರ್ಜಿತ ಎಂಬದು. ಇದರಲ್ಲಿ ಸತ್ಯವಿಲ್ಲವೆಂದು ನಾವು ಹೇಳುವದಿಲ್ಲ. ಆದರೆ ಪಿತ್ರಾರ್ಜಿತವು ನಮ್ಮ ವರೆಗೆ ಹೇಗೆ ಉಳಿದು ಬಂತೆಂಬದನ್ನು ವಿಚಾರಿಸಬೇಕಲ್ಲವೇ? 1921ರಲ್ಲಿ ಸೋವಿಯತ್ ಸೈನ್ಯವು ಜಾರ್ಜಿಯಾವನ್ನು ವಶಮಾಡಿಕೊಂಡ ಬಳಿಕ ದೇಶದಲ್ಲೆಲ್ಲಾ ದೇವಾಲಯಗಳು ಮುಚ್ಚಲ್ಪಟ್ಟವು. 1987ರ ಚಳಿಗಾಲದಲ್ಲಿ ಬೆಟ್ಟಗಳ ಮೇಲಿಂದ ಹಿಮದ ರಾಶಿಗಳು ಜರಿದುಬಿದ್ದು ಸ್ವಾನೇತಿಯಲ್ಲಿ ಅನೇಕರು ಸತ್ತರು. ಸಾವಿರಾರು ಜನರು ಬೇರೆ ಸೀಮೆಗಳಿಗೆ ಒಕ್ಕಲೆದ್ದು ಹೋದರು. 1991ರಲ್ಲಿ ದೇಶ ಸ್ವತಂತ್ರವಾದ ಮೇಲೆಯೂ ಕೆಲವು ವರುಷ ದರೋಡೆಕೋರರ ಭಯದಿಂದ ಪ್ರಯಾಣಿಕರು ಈ ಕಣಿವೆಗೆ ಹೋಗಲು ಹೆದರುತ್ತಿದ್ದರು; 2004ರಲ್ಲಿ ಸರಕಾರದವರು ಅವರನ್ನು ಅಡಗಿಸಿದರು. ಈ ಎಲ್ಲಾ ಕಾಲದಲ್ಲಿಯೂ ಹಳ್ಳಿಗಳನ್ನು ಬಿಡದೆ ನಿಂತು ದೇವಾಲಯಗಳನ್ನೂ ಅವುಗಳ ಒಡವೆಗಳನ್ನೂ ಕಾದವರು ಯಾರು? ಸಮಸ್ತ ಲೋಕದವರಲ್ಲ. ಬೀಗದ ಕೈಯನ್ನು ಅಜ್ಜನಿಂದ ಮೊಮ್ಮಗನಿಗೆ ಕೊಡುತ್ತಾ ಬಂದ ಆ ಮನೆತನದವರೇ. ಕಷ್ಟದ ದಿನಗಳಲ್ಲಿ ಅವರಿಗೆ ಬಿಟ್ಟು, ರಸ್ತೆಯಾದ ಮೇಲೆ ಇದು ನಮ್ಮೆಲ್ಲರದು ಎನ್ನುವದು ನ್ಯಾಯವಾಗಿ ತೋರುವದಿಲ್ಲ.

ಹಾಗಾದರೆ ಬೀಗದ ಕೈಯುಳ್ಳವನು ದೇವಾಲಯದ ಒಡೆಯನೋ? ಅದೂ ಅಲ್ಲ. ಅವನು ಮನೆವಾರ್ತೆಯವನು. ತನಗೆ ಒಪ್ಪಿಸಲ್ಪಟ್ಟದ್ದನ್ನು ಹಾಳುಮಾಡಲಿಕ್ಕೂ ಮಾರಲಿಕ್ಕೂ ಅವನಿಗೆ ಅಧಿಕಾರವಿಲ್ಲ. ಕಾರಣವಿಲ್ಲದೆ ಬಂದವರನ್ನು ಅಟ್ಟಿದರೆ ಅವನು ಲೆಕ್ಕ ಒಪ್ಪಿಸಬೇಕಾಗುವದು. ಆದರೆ ಆ ಲೆಕ್ಕವನ್ನು ಕೇಳುವವರು ಅವನ ಊರಿನವರೂ ದೇವರೂ ಹೊರತು ಬಾಗಿಲಲ್ಲಿ ನಿಂತ ಪರದೇಶಸ್ಥನಲ್ಲ. ಇನ್ನೊಬ್ಬನಿಗೆ ಒಂದು ಕರ್ತವ್ಯವಿದೆಯೆಂದು ತೋರಿಸಿದ ಮಾತ್ರಕ್ಕೆ ಅದನ್ನು ಬಲಾತ್ಕಾರದಿಂದ ಮಾಡಿಸುವ ಹಕ್ಕು ನಮಗೆ ಬಂದ ಹಾಗಾಗುವದಿಲ್ಲ.

ಎರಡನೆಯ ಕಾರಣವೇನಂದರೆ, ನಾವು ಹಣ ಕೊಡುತ್ತೇವೆ, ಆ ಹಣದಿಂದಲೇ ಹಳ್ಳಿ ಬದುಕುತ್ತದೆ ಎಂಬದು. ಇದರಲ್ಲಿಯೂ ಅರ್ಧ ಸತ್ಯವಿದೆ. ಬಂದವರಿಗೆ ಕೊಠಡಿ ಕೊಟ್ಟು, ಮಾಂಸ ತುಂಬಿ ಸುಟ್ಟ ಕುಬ್ದಾರಿ ಎಂಬ ರೊಟ್ಟಿಯನ್ನು ಬಡಿಸಿ, ಕುದುರೆ ಬಾಡಿಗೆಗೆ ಕೊಟ್ಟು ಜೀವನಮಾಡುವ ಮನೆಗಳು ಅಲ್ಲಿ ಬಹಳವಾಗಿವೆ. ಈ ಸಂಪಾದನೆ ಇಲ್ಲದಿದ್ದರೆ ಇನ್ನೂ ಹೆಚ್ಚು ಯೌವನಸ್ಥರು ಪಟ್ಟಣಗಳಿಗೆ ಹೋಗಿಬಿಡುತ್ತಿದ್ದರು. ಹಾಗಾದರೂ ಕೊಟ್ಟ ಹಣ ಯಾವದಕ್ಕೆ ಕೂಲಿ ಎಂಬದನ್ನು ತಿಳಿಯಬೇಕು. ಹಾಸಿಗೆಗೆ, ಊಟಕ್ಕೆ, ಕುದುರೆಗೆ ಕ್ರಯವುಂಟು. ಕ್ರಯ ಕೊಟ್ಟವನು ಅವುಗಳನ್ನು ಕೇಳಬಹುದು. ಪ್ರಾರ್ಥನೆಯ ಮನೆಯ ಬಾಗಿಲಿಗೆ ಕ್ರಯವಿಲ್ಲ. ಅಲ್ಲಿ ಕೊಡುವದು ಕಾಣಿಕೆ. ಕಾಣಿಕೆ ಕೊಟ್ಟವನು ಪ್ರತಿಯಾಗಿ ಏನನ್ನೂ ಕೇಳಲಾರನು. ಈ ಎರಡನ್ನು ಒಂದೇ ಎಂದು ಭಾವಿಸುವ ಪ್ರಯಾಣಿಕರು ಹೆಚ್ಚಿದಷ್ಟೂ ಹಳ್ಳಿಯವರು ಹಾಗೆಯೇ ಭಾವಿಸಲು ಕಲಿಯುವರು. ಆಗ ನಾವು ನೋಡಬಂದದ್ದೇ ಅಲ್ಲಿ ಉಳಿಯದು. ಗೋಡೆಯೂ ಬಣ್ಣವೂ ಇದ್ದಾವು, ದೇವಾಲಯವು ಇರಲಾರದು.

ಮೂರನೆಯ ಕಾರಣವೇ ಎಲ್ಲಕ್ಕಿಂತ ಬಲವಾದದ್ದು. ಯಾಕಂದರೆ ಅದು ಹೃದಯದಿಂದ ಬರುವಂಥಾದ್ದು. ನಾನು ಭಕ್ತಿಯಿಂದ ಬಂದೆನು, ಕುತೂಹಲದಿಂದಲ್ಲ. ಭಕ್ತನಿಗೆ ಬಾಗಿಲು ಮುಚ್ಚುವದು ಹೇಗೆ ನ್ಯಾಯ ಎಂದು ಒಬ್ಬನು ಕೇಳಬಹುದು. ಮೇಲೆ ಹೇಳಿದ ಮುದುಕಿಯ ಕಣ್ಣೀರು ಸುಳ್ಳಲ್ಲ. ಅವಳ ನಷ್ಟವನ್ನು ಸಣ್ಣದೆಂದು ಹೇಳಿ ತಳ್ಳಿಬಿಡುವವನು ಅವಳ ನೋವನ್ನು ಅರಿಯದವನು. ಆದರೆ ಇಲ್ಲಿ ನಮ್ಮ ಬೋಧನೆಯನ್ನು ಜ್ಞಾಪಕಮಾಡಿಕೊಳ್ಳಬೇಕು. ಯಾತ್ರೆಯಿಂದ ಪುಣ್ಯ ದೊರೆಯುತ್ತದೆಂದು ನಾವು ನಂಬುವದಿಲ್ಲ. ಈ ಬೆಟ್ಟದಲ್ಲಿಯೋ ಆ ಪಟ್ಟಣದಲ್ಲಿಯೋ ಎಂದು ಸಮಾರ್ಯದ ಸ್ತ್ರೀಯು ಕೇಳಿದಾಗ, ಆರಾಧನೆಯು ಸ್ಥಳಕ್ಕೆ ಕಟ್ಟಲ್ಪಟ್ಟದ್ದಲ್ಲವೆಂದು ಕರ್ತನು ಅವಳಿಗೆ ತಿಳಿಸಿದನು. ಹೀಗಿರುವದರಿಂದ ಇಪ್ರಾರಿಯ ಬಾಗಿಲು ತೆರೆಯದಿದ್ದರೆ ಆ ತಾಯಿಗೆ ಒಂದು ನೋಟವು ತಪ್ಪಿತು; ದೇವರ ಸನ್ನಿಧಿ ತಪ್ಪಲಿಲ್ಲ. ಅವಳು ಹೊರಗಿನ ಕಲ್ಲಿನ ಮೇಲೆ ಕೂತು ಪ್ರಾರ್ಥಿಸಬಹುದು. ಒಳಗೆ ಹೋಗಲೇಬೇಕೆಂದು ಹಟಹಿಡಿಯುವ ಭಕ್ತಿಯು ತನ್ನನ್ನು ತಾನೇ ಪರೀಕ್ಷಿಸಿಕೊಳ್ಳಬೇಕು. ಭಕ್ತಿಯ ಹೆಸರಿನಲ್ಲಿ ಕಣ್ಣಿನ ಆಶೆಯೇ ಮಾತಾಡುತ್ತಿರುವದುಂಟು.

ಇದಕ್ಕೆ ವಿರುದ್ಧವಾದ ಇನ್ನೊಂದು ತಪ್ಪಿದೆ. ಅಲ್ಲಿಯ ದೇವಾಲಯಗಳು ಆರ್ಥೊಡಾಕ್ಸ್ ಸಭೆಯವು. ಒಳಗೆ ಪವಿತ್ರರ ಚಿತ್ರಪಟಗಳಿವೆ, ಜನರು ಅವುಗಳಿಗೆ ಮುದ್ದಿಡುತ್ತಾರೆ, ಹಿಂದಿನ ಕಾಲದಲ್ಲಿ ಅವುಗಳ ಮುಂದೆ ಆಣೆಯಿಟ್ಟು ಕುಲಗಳ ಹಗೆಯನ್ನು ತೀರಿಸಿಕೊಳ್ಳುತ್ತಿದ್ದರು. ನಮಗೆ ಇದು ಸಮ್ಮತವಲ್ಲ. ಆದ್ದರಿಂದ ಅಲ್ಲಿಗೆ ಹೋಗುವದೇ ಪಾಪವೆಂದು ಕೆಲವರೂ, ಹೋದರೂ ಅವರ ಆಚಾರವನ್ನು ಗಣಿಸಬೇಕಾಗಿಲ್ಲವೆಂದು ಕೆಲವರೂ ಹೇಳುವರು. ಅಪೊಸ್ತಲನಾದ ಪೌಲನು ಅಥೇನೆ ಪಟ್ಟಣದಲ್ಲಿ ತಿರುಗಾಡಿ ಅಲ್ಲಿಯವರ ಪೂಜಾವಸ್ತುಗಳನ್ನು ಚೆನ್ನಾಗಿ ನೋಡಿದನು; ಒಂದನ್ನೂ ಮುರಿಯಲಿಲ್ಲ, ಅವುಗಳ ಮುಂದೆ ನಗಲಿಲ್ಲ. ನೋಡುವದು ಒಪ್ಪಿಗೆಯಲ್ಲ; ಗೌರವವೂ ಒಪ್ಪಿಗೆಯಲ್ಲ. ಮುದ್ದಿಡದೆ ಸುಮ್ಮನೆ ನಿಲ್ಲುವವನನ್ನು ಅಲ್ಲಿಯವರು ತಪ್ಪಾಗಿ ಎಣಿಸುವದಿಲ್ಲ. ಮುಸುಕಿಲ್ಲದೆ ಬರುವ ಸ್ತ್ರೀಯನ್ನೂ, ಟೊಪ್ಪಿಗೆ ತೆಗೆಯದ ಪುರುಷನನ್ನೂ ನೋಡಿ ನೊಂದುಕೊಳ್ಳುತ್ತಾರೆ.

ಬಾಗಿಲು ಮುಚ್ಚಲ್ಪಟ್ಟಾಗ ಮಾಡತಕ್ಕದ್ದೇನೆಂಬದಕ್ಕೆ ಸುವಾರ್ತೆಯಲ್ಲಿಯೇ ದೃಷ್ಟಾಂತವುಂಟು. ಯೆರೂಸಲೇಮಿಗೆ ಹೋಗುವ ದಾರಿಯಲ್ಲಿ ಸಮಾರ್ಯದ ಒಂದು ಹಳ್ಳಿಯವರು ಕರ್ತನನ್ನು ಸೇರಿಸಿಕೊಳ್ಳಲಿಲ್ಲ. ಅವರ ಕಾರಣವು ಹುಲ್ಲಿನ ಕೆಲಸದಂಥ ನ್ಯಾಯವಾದ ಕಾರಣವಲ್ಲ, ಹಳೆಯ ಜಾತಿಹಗೆ. ಶಿಷ್ಯರಿಬ್ಬರು ಕೋಪದಿಂದ ಆಕಾಶದ ಬೆಂಕಿಯನ್ನು ಕರೆಯಬೇಕೆಂದಿದ್ದರು. ಕರ್ತನು ಗದರಿಸಿದ್ದು ಹಳ್ಳಿಯವರನ್ನಲ್ಲ, ಶಿಷ್ಯರನ್ನು. ಆಮೇಲೆ ಎಲ್ಲರೂ ಬೇರೊಂದು ಹಳ್ಳಿಗೆ ಹೋದರು. ಲೋಕವೆಲ್ಲಾ ಯಾವನದೋ ಆತನೇ ಒಂದು ಹಳ್ಳಿಯ ಬೇಡವೆಂಬ ಮಾತಿಗೆ ದಾರಿ ಬಿಟ್ಟಮೇಲೆ, ಪ್ರಯಾಣದ ಚೀಟಿ ಕೊಂಡುಕೊಂಡ ನಾವು ಎಷ್ಟರವರು? ನಮ್ಮ ಮಿಶನಿನ ಚರಿತ್ರೆಯಲ್ಲಿಯೂ ಇಂಥಾದ್ದುಂಟು. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಶನಿನವರು ಅದಕ್ಕೂ ಮುಂಚೆ, 1820ರ ದಶಕದಿಂದ, ಇದೇ ಕಾಕಸಸ್ ಸೀಮೆಯ ಶುಶಾ ಎಂಬ ಪಟ್ಟಣದಲ್ಲಿ ಕೆಲಸಮಾಡುತ್ತಿದ್ದರು. 1835ರಲ್ಲಿ ರಶಿಯಾದ ಚಕ್ರವರ್ತಿಯ ಅಪ್ಪಣೆಯಿಂದ ಆ ಬಾಗಿಲು ಮುಚ್ಚಿತು. ಅವರು ಹೊರಟುಬಂದರು, ಅಲ್ಲಿದ್ದ ಫಾಂಡರ್ ಎಂಬ ಬೋಧಕರು ಆಮೇಲೆ ಹಿಂದೂದೇಶಕ್ಕೆ ಬಂದು ಆಗ್ರಾದಲ್ಲಿ ಸೇವೆಮಾಡಿದರು.

ಹಾಗಾದರೆ ಪ್ರಯಾಣವನ್ನು ಏರ್ಪಡಿಸುವವನು ಮಾಡಬೇಕಾದದ್ದೇನು? ಬೇಡವೆಂಬ ಮಾತಿಗೆ ಸ್ಥಳವಿರುವಂತೆ ತನ್ನ ಏರ್ಪಾಡನ್ನು ಮಾಡಬೇಕು. ಐದು ದಿನಗಳಿದ್ದರೆ ಹತ್ತು ದೇವಾಲಯಗಳನ್ನು ಪಟ್ಟಿಯಲ್ಲಿ ಬರೆಯದೆ ಎರಡನ್ನೋ ಮೂರನ್ನೋ ಬರೆದು, ಒಂದು ದಿನವನ್ನು ಖಾಲಿ ಬಿಡಲಿ. ಬೀಗದ ಕೈಯುಳ್ಳವನು ಈ ದಿನ ಆಗದೆಂದರೆ ನಾಳೆಯ ಹೊತ್ತಾರೆ ಬರುತ್ತೇನೆಂದು ಹೇಳುವದಕ್ಕೆ ಆ ಖಾಲಿ ದಿನ ಬೇಕು. ಹೊತ್ತಿಲ್ಲದವನೇ ಒತ್ತಾಯಿಸುತ್ತಾನೆ, ಹೊತ್ತುಳ್ಳವನು ಕಾಯುತ್ತಾನೆ. ಉಳಕೊಂಡ ಮನೆಯವರ ಮೂಲಕವಾಗಿ ಮುಂದಾಗಿಯೇ ಕೇಳಿಸಲಿ. ಪ್ರತಿ ವರುಷ ಜುಲೈ 28ರಲ್ಲಿ ಕಾಲಾ ಎಂಬಲ್ಲಿ ಗುಡ್ಡದ ಮೇಲಿರುವ ದೇವಾಲಯದ ಹಬ್ಬಕ್ಕೆ ಬಹಳ ಜನರು ಕೂಡುತ್ತಾರೆ. ಆ ದಿನ ಹೋದರೆ ಯಾರನ್ನೂ ಕೆಲಸದಿಂದ ಎಬ್ಬಿಸದೆ ಊರಿನವರ ಸಂಗಡವೇ ಏರಬಹುದು. ಒಳಗೆ ಹೋದವರು ಒಂದೇ ಸಾರಿ ಗುಂಪಾಗಿ ನುಗ್ಗದಿರಲಿ, ಹೆಚ್ಚು ಹೊತ್ತು ನಿಲ್ಲದಿರಲಿ, ಗೋಡೆಯನ್ನು ಮುಟ್ಟದಿರಲಿ. ಸಣ್ಣ ಕೋಣೆಯಲ್ಲಿ ಜನರ ಉಸಿರಿನ ತೇವವೂ ಹಳೆಯ ಬಣ್ಣಕ್ಕೆ ಹಾನಿಮಾಡುತ್ತದೆ. ಅಪ್ಪಣೆಯಿಲ್ಲದೆ ಚಿತ್ರ ತೆಗೆಯದಿರಲಿ. ತನ್ನ ಶಿಷ್ಯರನ್ನು ಊರೂರಿಗೆ ಕಳುಹಿಸುವಾಗ ಕರ್ತನು ಮನೆಯಿಂದ ಮನೆಗೆ ಅಲೆಯದೆ ಒಂದೇ ಮನೆಯಲ್ಲಿ ಉಳಕೊಂಡು, ಬಡಿಸಿದ್ದನ್ನು ಊಟಮಾಡಬೇಕೆಂದು ಕಲಿಸಿದನಷ್ಟೆ. ಅದು ಇಂದಿನ ಪ್ರಯಾಣಿಕನಿಗೂ ಸಾಕಾದ ಬುದ್ಧಿ.

ಆ ಮುದುಕಿಯ ಮಗನು ಮನೆಯಲ್ಲಿಯೇ ಇದನ್ನು ಯೋಚಿಸಿದ್ದರೆ ಒಂದು ದಿನಕ್ಕೆ ಬದಲಾಗಿ ಮೂರು ದಿನ ಆ ಹಳ್ಳಿಯ ಹತ್ತಿರ ಉಳಿಯುತ್ತಿದ್ದನು. ಟ್ಬಿಲಿಸಿಯ ಅಂಗಡಿಬೀದಿಗಳಿಗೆ ಇಟ್ಟ ದಿನಗಳನ್ನು ಕಡಿಮೆಮಾಡುತ್ತಿದ್ದನು. ಆಗ ಹುಲ್ಲೂ ಒಣಗುತ್ತಿತ್ತು, ತಾಯಿಯೂ ಬಹುಶಃ ಒಳಗೆ ಹೋಗುತ್ತಿದ್ದಳು. ಆದರೂ ಬಹುಶಃ ಎಂಬ ಮಾತನ್ನು ತೆಗೆದುಹಾಕಬಾರದು. ಎಷ್ಟು ಜಾಗ್ರತೆಯಿಂದ ಏರ್ಪಡಿಸಿದರೂ ಬಾಗಿಲು ತೆರೆಯದ ದಿನವೊಂದು ಬರಬಹುದು. ಆ ದಿನ ಕಾವಲಿನವನಿಗೆ ವಂದನೆ ಹೇಳಿ, ಹೊರಗೋಡೆಯನ್ನು ಸುತ್ತಿ ನೋಡಿ, ಮನಸ್ಸಿನಲ್ಲಿ ಕಹಿಯನ್ನು ಇಟ್ಟುಕೊಳ್ಳದೆ ಇಳಿದು ಬರುವದಕ್ಕೆ ಮನೆಯಲ್ಲಿರುವಾಗಲೇ ಸಿದ್ಧನಾದವನು ಹೊರಡಲಿ. ಅಂಥವನಿಗೆ ಆ ಬೆಟ್ಟದ ಹಳ್ಳಿಗಳಲ್ಲಿ ಅತಿಥಿಯೆಂಬ ಹೆಸರು ಸಲ್ಲುವದು. ಸಿದ್ಧನಾಗದವನು ಇನ್ನೊಂದು ವರುಷ ಹಣವನ್ನೂ ತಾಳ್ಮೆಯನ್ನೂ ಕೂಡಿಸಿಕೊಂಡು ಆಮೇಲೆ ಹೋಗುವದು ಲೇಸು.